ಟಿವಿಯಲ್ಲಿ ತಪ್ಪು ತೋರಿಸಿದರೆ ದೂರು ಕೊಡುವುದು ಹೇಗೆ? ಮಲೆನಾಡಿನ ನೋಡುಗರಿಗೆ ಒಂದು ದಾರಿ

ಆಷಾಢದ ಮಳೆ. ನಾಲ್ಕು ದಿನದಿಂದ ಸಾಗರದಲ್ಲಿ ಸೂರ್ಯನ ಮುಖ ಕಂಡವರಿರಲಿಲ್ಲ. ಸಂಜೆ ಕರೆಂಟ್ ಬಂದ ಕೂಡಲೇ ಟಿವಿ ಹಾಕಿದೆ. ಒಂದು ಸುದ್ದಿ ವಾಹಿನಿಯಲ್ಲಿ ಕೆಂಪು ಪಟ್ಟಿ ಓಡುತ್ತಿತ್ತು: ಲಿಂಗನಮಕ್ಕಿ ಗೇಟ್ ಓಪನ್. ಹಿಂದೆ ಭೋರ್ಗರೆಯುವ ನೀರು. ಹತ್ತು ನಿಮಿಷ ಆಗಿರಲಿಲ್ಲ, ಹೊನ್ನಾವರದ ಕಡೆ ಹೊಳೆದಂಡೆಯ ಊರಿಗೆ ಕೊಟ್ಟಿರುವ ನನ್ನ ತಂಗಿಯ ಫೋನ್ ಬಂತು. "ಅಣ್ಣಾ, ಗೇಟ್ ತೆಗೆದ್ರಂತಲ್ಲ, ದನ ಬಿಚ್ಕೊಂಡು ಮೇಲೆ ಹೋಗ್ಲಾ?" ಮನೆಯಲ್ಲಿ ಅವಳು, ಹಾಸಿಗೆ ಹಿಡಿದ ಅತ್ತೆ, ಇಬ್ಬರು ಮಕ್ಕಳು.

ಮತ್ತೊಮ್ಮೆ ಪರದೆ ನೋಡಿದೆ. ಅಣೆಕಟ್ಟೆಯ ಮೇಲೆ ನಿಂತವರ ನೆರಳು ಕಾಂಕ್ರೀಟಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ಬಿಸಿಲೇ ಇಲ್ಲದ ದಿನ ನೆರಳು ಎಲ್ಲಿಂದ ಬರಬೇಕು? ಅದು ಹಿಂದಿನ ಯಾವುದೋ ವರ್ಷದ ದೃಶ್ಯ. ಬೆಳಗಿನ ಪತ್ರಿಕೆಯಲ್ಲಿದ್ದ ಜಲಾಶಯ ಮಟ್ಟದ ಪಟ್ಟಿ ತೆಗೆದು ನೋಡಿದರೆ, ಗರಿಷ್ಠ 1,819 ಅಡಿ ಮುಟ್ಟಲು ನೀರು ಇನ್ನೂ ಎಷ್ಟೋ ಅಡಿ ಏರಬೇಕಿತ್ತು. ತಂಗಿಗೆ ಸಮಾಧಾನ ಹೇಳಿದೆ. ಆದರೆ ಆ ರಾತ್ರಿ ಶರಾವತಿಯ ದಂಡೆಯಲ್ಲಿ ಎಷ್ಟು ಮನೆಯವರು ನಿದ್ದೆಗೆಟ್ಟರೋ.

ಸಿಟ್ಟಿನಲ್ಲಿ ನಾನು ಮಾಡಿದ್ದು ವಾಟ್ಸ್ಆ್ಯಪ್ ಗುಂಪಿನಲ್ಲಿ ಬೈದು ಬರೆದದ್ದು ಮಾತ್ರ. ಮೂರು ವಾರ ಕಳೆದ ಮೇಲೆ ವಾಹಿನಿಗೆ ಬರೆದಾಗ ಅವರು ಕೇಳಿದ್ದು ಎರಡೇ ಪ್ರಶ್ನೆ: ಯಾವ ದಿನ, ಎಷ್ಟು ಗಂಟೆಗೆ? ನನ್ನ ಹತ್ತಿರ ಎರಡಕ್ಕೂ ಖಚಿತ ಉತ್ತರ ಇರಲಿಲ್ಲ. ದೂರು ಅಲ್ಲಿಗೇ ಮುಗಿಯಿತು. ಆ ಮೇಲೆ ನಿಯಮಗಳನ್ನು ಕೂತು ಓದಿದೆ. ಅಕ್ಕಪಕ್ಕದವರಿಗೂ ದೂರು ಬರೆದುಕೊಟ್ಟೆ. ಅದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೇಳುವ ಹಕ್ಕು ನಮಗೆಲ್ಲಿಂದ ಬಂತು

ಇದನ್ನು ತಿಳಿದುಕೊಂಡರೆ ಪತ್ರ ಬರೆಯುವ ಕೈ ನಡುಗುವುದಿಲ್ಲ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೂ ಪಂದ್ಯದ ಪ್ರಸಾರದ ಬಗ್ಗೆ ನಡೆದ ವ್ಯಾಜ್ಯ ಅದು. ಗಾಳಿಯಲ್ಲಿ ಸಾಗುವ ತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ಬಳಕೆ ಜನಹಿತಕ್ಕಾಗಿ ನಿಯಂತ್ರಣಕ್ಕೆ ಒಳಪಡಬೇಕು ಎಂದು ನ್ಯಾಯಾಲಯ ಹೇಳಿತು. ಸರ್ಕಾರದ ಏಕಸ್ವಾಮ್ಯವೂ ಬೇಡ, ಹಣವಿದ್ದವರ ಏಕಸ್ವಾಮ್ಯವೂ ಬೇಡ ಎಂಬುದು ಅದರ ತಿರುಳು. ಊರ ಗೋಮಾಳ ಹೇಗೋ ಹಾಗೆ. ದನ ಮೇಯಿಸಬಹುದು, ಬೇಲಿ ಹಾಕಿ ನನ್ನದೆನ್ನುವಂತಿಲ್ಲ. ಅದೇ ವರ್ಷ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆಯೂ ಬಂತು. ನಾವು ಕೊಡುವ ದೂರು ನಿಲ್ಲುವುದು ಈ ಕಾಯ್ದೆ ಮತ್ತು ಅದರ ನಿಯಮಗಳ ಮೇಲೆ.

ಮೊದಲ ಹೆಜ್ಜೆ: ಪ್ರಾಣದ ವಿಷಯವಾದರೆ ದೂರು ಆಮೇಲೆ

ಪ್ರವಾಹ, ಗುಡ್ಡ ಕುಸಿತ, ಅಣೆಕಟ್ಟೆಯ ಸುದ್ದಿ ಬಂದರೆ ಜಿಲ್ಲಾ ತುರ್ತು ನಿರ್ವಹಣಾ ಕೇಂದ್ರದ 1077ಕ್ಕೆ ಕರೆ ಮಾಡಿ ಕೇಳಿ. ಪಂಚಾಯಿತಿಗೆ ಬಂದಿರುವ ಎಚ್ಚರಿಕೆ ನೋಡಿ. ಟಿವಿ ಸುಳ್ಳು ಹೇಳುತ್ತಿದೆ ಎಂದು ನಿಮಗನ್ನಿಸಿದರೂ ಖಚಿತವಾಗುವ ತನಕ ಹೊಳೆದಂಡೆಯವರಿಗೆ "ಏನೂ ಆಗಿಲ್ಲ" ಎಂದು ಹೇಳಬೇಡಿ.

ಎರಡನೆಯದು: ಹೇಳಿದವರು ಯಾರು, ನೋಡಿ

ಇಲ್ಲಿ ತಪ್ಪಿದರೆ ಪತ್ರ ಬೇರೆ ಬಾಗಿಲಿಗೆ ಹೋಗುತ್ತದೆ. ನಮ್ಮ ಕಡೆ ಕಾಣುವುದು ನಾಲ್ಕು ಬಗೆ.

ಬೆಂಗಳೂರಿನಿಂದಲೋ ಬೇರೆಡೆಯಿಂದಲೋ ಉಪಗ್ರಹದ ಮೂಲಕ ಬರುವ ಖಾಸಗಿ ವಾಹಿನಿ ಒಂದು ಬಗೆ. ಈ ಬರಹ ಹೆಚ್ಚಾಗಿ ಅದರ ಬಗ್ಗೆಯೇ. ಕೇಬಲ್‌ನವರು ತಾವೇ ನಡೆಸುವ ಸ್ಥಳೀಯ ಚಾನೆಲ್ ಇನ್ನೊಂದು. ಊರ ಜಾತ್ರೆ, ನಗರಸಭೆಯ ಸಭೆ ತೋರಿಸುವಂಥದ್ದು. ಇದರ ದೂರು ನೇರ ಜಿಲ್ಲಾಡಳಿತಕ್ಕೆ. ಮೂರನೆಯದು ಆಕಾಶವಾಣಿ ಮತ್ತು ದೂರದರ್ಶನ. ಇವು ಪ್ರಸಾರ ಭಾರತಿಯ ಕೆಳಗೆ ಬರುತ್ತವೆ, ಮಾಹಿತಿ ಹಕ್ಕು ಕಾಯ್ದೆಯೂ ಅನ್ವಯಿಸುತ್ತದೆ. ಭದ್ರಾವತಿ ಆಕಾಶವಾಣಿಯ ಕಾರ್ಯಕ್ರಮದ ಬಗ್ಗೆ ಹೇಳುವುದಿದ್ದರೆ ನಿಲಯದ ಮುಖ್ಯಸ್ಥರಿಗೇ ಒಂದು ಕಾಗದ ಬರೆಯಿರಿ.

ನಾಲ್ಕನೆಯದು ಫೋನಿನಲ್ಲಿ ಮಾತ್ರ ಬರುವ "ಚಾನೆಲ್". ಮೈಕಿನ ಮೇಲೆ ಲೋಗೋ ಇದ್ದ ಮಾತ್ರಕ್ಕೆ ಅದು ಟಿವಿ ವಾಹಿನಿಯಾಗುವುದಿಲ್ಲ. ಯೂಟ್ಯೂಬ್, ಫೇಸ್‌ಬುಕ್‌ನಲ್ಲಷ್ಟೇ ಇರುವವರಿಗೆ ಕೇಬಲ್ ಕಾಯ್ದೆ ತಾಗುವುದಿಲ್ಲ, 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ತಾಗುತ್ತವೆ. ಆ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬೇಕು.

ಗುರುತಿಸಲು ಸುಲಭದ ದಾರಿ ಇದೆ. ನಿಮ್ಮ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಆ ವಾಹಿನಿಗೆ ನಂಬರ್ ಇದೆಯೇ ನೋಡಿ. ಇದ್ದರೆ ಆ ನಂಬರನ್ನೂ ಬರೆದಿಟ್ಟುಕೊಳ್ಳಿ.

ಮೂರನೆಯದು: ಆ ಕ್ಷಣವನ್ನು ಹಿಡಿದಿಡಿ

ದೂರು ಗೆಲ್ಲುವುದೂ ಬೀಳುವುದೂ ಇಲ್ಲೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಟಿವಿಯ ಹತ್ತಿರ ಒಂದು ನೋಟ್‌ಬುಕ್ ಮತ್ತು ಪೆನ್ನು ಇರಲಿ. ತಪ್ಪು ಕಂಡ ಕೂಡಲೇ ವಾಹಿನಿಯ ಹೆಸರು, ದಿನಾಂಕ, ಗಂಟೆ ಮತ್ತು ನಿಮಿಷ, ಕಾರ್ಯಕ್ರಮದ ಹೆಸರು ಬರೆಯಿರಿ. ಕೆಳಗೆ ಓಡುತ್ತಿದ್ದ ಪಟ್ಟಿಯ ಮಾತುಗಳನ್ನು ಇದ್ದ ಹಾಗೇ ಬರೆದುಕೊಳ್ಳಿ. "ಭಯ ಹುಟ್ಟಿಸುವ ಹಾಗೆ ಬರೆದಿದ್ದರು" ಎನ್ನುವುದಕ್ಕಿಂತ ಅವರ ಐದು ಪದಗಳನ್ನು ಹಾಗೇ ಎತ್ತಿ ಬರೆದರೆ ತೂಕ ಹೆಚ್ಚು.

ಫೋನಿನಲ್ಲಿ ವಿಡಿಯೊ ಮಾಡುವಾಗ ವಾಹಿನಿಯ ಲೋಗೋ ಮತ್ತು ಗೋಡೆ ಗಡಿಯಾರ ಎರಡೂ ಚೌಕಟ್ಟಿನೊಳಗೆ ಬರಲಿ. ನಾನು ಈಗ ಟಿವಿಯ ಪಕ್ಕದಲ್ಲೇ ಗಡಿಯಾರ ತೂಗುಹಾಕಿದ್ದೇನೆ. ಒಂದು ನಿಮಿಷದ ತುಣುಕು ಸಾಕು. ಮಳೆಗಾಲದಲ್ಲಿ ಡಿಶ್‌ಗೆ ಮೋಡ ಅಡ್ಡ ಬಂದು ಚಿತ್ರ ಒಡೆಯುವುದು ನಮಗೆ ಹೊಸದಲ್ಲ. ಹಾಗಾದಾಗ ಬಿಡಬೇಡಿ, ಧ್ವನಿಯನ್ನಾದರೂ ದಾಖಲಿಸಿ. ವಾಹಿನಿ ಅದೇ ತುಣುಕನ್ನು ತನ್ನ ಯೂಟ್ಯೂಬ್ ಪುಟದಲ್ಲಿ ಹಾಕಿದ್ದರೆ ಲಿಂಕ್ ತೆಗೆದಿಟ್ಟುಕೊಳ್ಳಿ. ಆದರೆ ಅದನ್ನೇ ನಂಬಿ ಕೂರಬೇಡಿ, ಬೆಳಗಾಗುವಷ್ಟರಲ್ಲಿ ತೆಗೆದಿರಬಹುದು.

ವಾಹಿನಿಗಳು ತಾವು ಪ್ರಸಾರ ಮಾಡಿದ್ದನ್ನು 90 ದಿನ ಕಾಪಾಡಿಡಬೇಕೆಂಬ ಷರತ್ತು ಪರವಾನಗಿಯ ಮಾರ್ಗಸೂಚಿಯಲ್ಲೇ ಇದೆ. ಆದ್ದರಿಂದ ನಿಮ್ಮ ಹತ್ತಿರ ವಿಡಿಯೊ ಇಲ್ಲದಿದ್ದರೂ ದಿನ ಮತ್ತು ಗಂಟೆ ಸರಿಯಾಗಿದ್ದರೆ ದೂರು ನಿಲ್ಲುತ್ತದೆ. ನನಗೆ ಇಲ್ಲದೆ ಹೋದದ್ದು ಅದೇ.

ಇದರ ಜೊತೆ, ಸತ್ಯ ಏನೆಂದು ತೋರಿಸುವ ಒಂದು ಕಾಗದ ಬೇಕು. ಅಣೆಕಟ್ಟೆಯ ವಿಷಯವಾದರೆ ಆ ದಿನದ ಪತ್ರಿಕೆಯ ನೀರಿನ ಮಟ್ಟದ ಪಟ್ಟಿ. ಕಾಯಿಲೆಯ ವಿಷಯವಾದರೆ ತಾಲ್ಲೂಕು ಆರೋಗ್ಯಾಧಿಕಾರಿಯ ಪ್ರಕಟಣೆ.

ನಾಲ್ಕನೆಯದು: ತಪ್ಪಿಗೆ ಹೆಸರು ಕೊಡಿ

ಕೂಗಾಡುವ ನಿರೂಪಕ ಇಷ್ಟವಾಗಲಿಲ್ಲ ಎನ್ನುವುದು ದೂರಲ್ಲ. ನಮ್ಮ ಪಕ್ಷವನ್ನು ಟೀಕಿಸಿದರು ಎನ್ನುವುದಂತೂ ಅಲ್ಲವೇ ಅಲ್ಲ. ಅಧಿಕಾರದಲ್ಲಿರುವವರನ್ನು ಪ್ರಶ್ನಿಸುವ ವರದಿಗಾರರ ಬಾಯಿ ಮುಚ್ಚಿಸಲು ಈ ದಾರಿ ಬಳಸುವವರಿದ್ದಾರೆ. ದಯವಿಟ್ಟು ಆ ಕೆಲಸಕ್ಕೆ ಇದನ್ನು ಬಳಸಬೇಡಿ. ದೂರು ಎಂದರೆ ಬರೆದಿಟ್ಟ ನಿಯಮ ಎಲ್ಲಿ ಮುರಿಯಿತು ಎಂದು ತೋರಿಸುವುದು.

ಆ ನಿಯಮ ಕೇಬಲ್ ಟೆಲಿವಿಷನ್ ಜಾಲಗಳ ನಿಯಮಗಳು, 1994ರಲ್ಲಿದೆ. ನಿಯಮ 6 ಕಾರ್ಯಕ್ರಮ ಸಂಹಿತೆ, ನಿಯಮ 7 ಜಾಹೀರಾತು ಸಂಹಿತೆ. ನಿಯಮ 6ರಲ್ಲಿ ನಮಗೆ ಹೆಚ್ಚು ಬೇಕಾಗುವುದು ಇವು: ಸುಳ್ಳು, ಮಾನಹಾನಿ ಮತ್ತು ಅರ್ಧಸತ್ಯಗಳನ್ನು ಪ್ರಸಾರ ಮಾಡಬಾರದು. ಧರ್ಮ, ಸಮುದಾಯಗಳ ಮೇಲೆ ದಾಳಿ ಮಾಡಬಾರದು. ಹಿಂಸೆಗೆ ಪ್ರಚೋದಿಸಬಾರದು. ವ್ಯಕ್ತಿಯನ್ನೋ ಒಂದು ಗುಂಪನ್ನೋ ಹೀಗಳೆಯಬಾರದು. ಹೆಂಗಸರನ್ನು, ಮಕ್ಕಳನ್ನು ಕೀಳಾಗಿ ತೋರಿಸಬಾರದು. ಮೂಢನಂಬಿಕೆಯನ್ನು ಪ್ರೋತ್ಸಾಹಿಸಬಾರದು. ಕಡೆಯದನ್ನು ಓದಿದಾಗ ಬೆಳಗ್ಗೆ ಕಾಫಿಯ ಹೊತ್ತಿಗೆ ಎಷ್ಟು ವಾಹಿನಿಗಳಲ್ಲಿ ಏನೇನು ಬರುತ್ತದೆ ಎಂದು ನೆನಪಾಗಿ ನನಗೆ ಬೇಸರವಾಯಿತು. ನಿಯಮವಿದೆ, ಕೇಳುವವರು ಕಡಿಮೆ.

ಸುದ್ದಿ ವಾಹಿನಿಗಳು ತಾವೇ ಹಾಕಿಕೊಂಡ ಕಟ್ಟುಪಾಡುಗಳೂ ಇವೆ. ಹಳೆಯ ದೃಶ್ಯ ತೋರಿಸಿದರೆ ಅದು ಸಂಗ್ರಹದ ದೃಶ್ಯ ಎಂದು ಪರದೆಯ ಮೇಲೆ ಬರೆಯಬೇಕು, ಆದಷ್ಟು ದಿನಾಂಕವನ್ನೂ ಕೊಡಬೇಕು ಎಂಬುದು ಅವರದೇ ಸಂಘದ ಮಾರ್ಗಸೂಚಿ. 2008ರ ಮುಂಬೈ ದಾಳಿಯ ಬಳಿಕ ಮಾಡಿಕೊಂಡದ್ದು. ಲಿಂಗನಮಕ್ಕಿಯ ವಿಷಯದಲ್ಲಿ ಈ ಒಂದು ಸಾಲು ನನಗೆ ಗೊತ್ತಿದ್ದಿದ್ದರೆ!

ಅತ್ಯಾಚಾರ ಸಂತ್ರಸ್ತೆಯ ಅಥವಾ ದೌರ್ಜನ್ಯಕ್ಕೊಳಗಾದ ಮಗುವಿನ ಹೆಸರು, ಮುಖ, ಮನೆ, ಶಾಲೆಯ ಗುರುತು ತೋರಿಸಿದರೆ ಅದು ನಿಯಮ ಮುರಿದದ್ದಷ್ಟೇ ಅಲ್ಲ, ಅಪರಾಧ. ಮಗುವಿನ ವಿಷಯಕ್ಕೆ ಪೋಕ್ಸೊ ಕಾಯ್ದೆಯ 23ನೇ ಕಲಂ ಇದೆ. ಅಂಥದ್ದಕ್ಕೆ ನೇರ ಪೊಲೀಸ್ ಠಾಣೆಗೆ ಹೋಗಿ.

ಐದನೆಯದು: ಕಾಗದ ಬರೆಯುವುದು

ಒಂದು ಪುಟ ಮೀರಬಾರದು. ಕನ್ನಡ ವಾಹಿನಿಗೆ ಕನ್ನಡದಲ್ಲೇ ಬರೆಯಿರಿ. ಮುಂದೆ ದೆಹಲಿಗೆ ಹೋಗಬೇಕಾಗಿ ಬಂದರೆ ಮಾತ್ರ ಇಂಗ್ಲಿಷ್ ಸಾರಾಂಶವೊಂದನ್ನು ಲಗತ್ತಿಸಿ. ಊರಿನ ಮೇಷ್ಟ್ರೋ ಕಾಲೇಜು ಓದುವ ಮಕ್ಕಳೋ ಬರೆದುಕೊಟ್ಟಾರು.

ನಾನು ಒಬ್ಬರಿಗೆ ಬರೆದುಕೊಟ್ಟದ್ದನ್ನು ಹೆಸರು, ವಿವರ ತೆಗೆದು ಇಲ್ಲಿ ಇಡುತ್ತೇನೆ. ಹಿನ್ನೆಲೆ ಇಷ್ಟು: ತೀರ್ಥಹಳ್ಳಿ ಕಡೆಯ ಒಂದು ಊರಿನಲ್ಲಿ ಒಬ್ಬರಿಗೆ ಮಂಗನ ಕಾಯಿಲೆ ಬಂತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಕಾಯಿಲೆ ಉಣುಗು ಕಚ್ಚುವುದರಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಮಲೆನಾಡಿನಲ್ಲಿ ಇದು ಮಕ್ಕಳಿಗೂ ಗೊತ್ತು. ಒಂದು ವಾಹಿನಿ ಆ ರೋಗಿಯ ಮನೆಯ ಅಂಗಳ, ಹೆಸರಿನ ಫಲಕ ಎಲ್ಲ ತೋರಿಸಿ, ಊರಿಗೆ ಹೋದರೆ ಸೋಂಕು ತಗಲುತ್ತದೆ ಎಂಬ ಅರ್ಥ ಬರುವಂತೆ ಹೇಳಿತು. ಅಡಿಕೆ ಕೊಯ್ಲಿನ ಕಾಲ. ಕೊನೆ ತೆಗೆಯುವವರು ಆ ಊರಿಗೆ ಬರಲು ಹಿಂದೇಟು ಹಾಕಿದರು, ಹಣ್ಣಾದ ಅಡಿಕೆ ಮರದಿಂದ ಉದುರತೊಡಗಿತು.

"ಕುಂದುಕೊರತೆ ಅಧಿಕಾರಿಗಳಿಗೆ. ತಮ್ಮ ವಾಹಿನಿಯಲ್ಲಿ ಇಂಥ ದಿನಾಂಕ ಸಂಜೆ 7 ಗಂಟೆ 12 ನಿಮಿಷಕ್ಕೆ ಪ್ರಸಾರವಾದ ವರದಿಯ ಬಗ್ಗೆ ಈ ದೂರು. ಒಂದು: ರೋಗಿಯ ಒಪ್ಪಿಗೆಯಿಲ್ಲದೆ ಅವರ ಮನೆ ಮತ್ತು ಹೆಸರಿನ ಫಲಕ ತೋರಿಸಲಾಗಿದೆ. ಎರಡು: ಊರಿಗೆ ಹೋದರೆ ಸೋಂಕು ತಗಲುತ್ತದೆ ಎಂದು ಹೇಳಲಾಗಿದೆ. ಇದು ಸುಳ್ಳು, ಆರೋಗ್ಯ ಇಲಾಖೆಯ ಪ್ರಕಟಣೆ ಲಗತ್ತಿಸಿದೆ. ಇದು ಕಾರ್ಯಕ್ರಮ ಸಂಹಿತೆಯ ನಿಯಮ 6(1)ರಲ್ಲಿ ಅರ್ಧಸತ್ಯಗಳ ಬಗ್ಗೆ ಇರುವ ಉಪವಿಧಿಗೆ ವಿರುದ್ಧ. ನಮ್ಮ ಬೇಡಿಕೆ: ಅದೇ ಸಮಯದಲ್ಲಿ ತಿದ್ದುಪಡಿ ಪ್ರಸಾರ ಮಾಡಿ, ಅಂತರ್ಜಾಲದಲ್ಲಿರುವ ತುಣುಕಿನಿಂದ ಮನೆಯ ದೃಶ್ಯ ತೆಗೆಯಿರಿ. ದೃಶ್ಯದ ಪ್ರತಿ ಕಾಪಾಡಿಡಿ."

ಇಷ್ಟೇ. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಏನು ಬೇಕು ಎನ್ನುವುದನ್ನು ಸ್ಪಷ್ಟವಾಗಿ ಹೇಳಿ. "ಸೂಕ್ತ ಕ್ರಮ ಕೈಗೊಳ್ಳಿ" ಎಂದು ಬರೆದರೆ ಅವರು ತಮಗೆ ಸೂಕ್ತವಾದದ್ದನ್ನೇ ಮಾಡುತ್ತಾರೆ. ಈ ದೂರಿಗೆ ಮರುದಿನವೇ ಸ್ವೀಕೃತಿ ಬಂತು, ಹನ್ನೆರಡನೇ ದಿನ ಉತ್ತರ ಬಂತು. ಮನೆಯ ದೃಶ್ಯ ತೆಗೆದರು. ಮಂಗನ ಕಾಯಿಲೆ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ ಎಂಬ ಸಾಲು ಒಂದು ಸಂಜೆಯಿಡೀ ಪಟ್ಟಿಯಲ್ಲಿ ಓಡಿತು. ಆ ಮನೆಯ ಅಜ್ಜಿ ಅದನ್ನು ಮೊಮ್ಮಗನ ಕೈಲಿ ಎರಡೆರಡು ಸಲ ಓದಿಸಿಕೊಂಡರಂತೆ.

ಆರನೆಯದು: ಕಳಿಸುವುದು, ಕಾಯುವುದು, ಮೇಲೆ ಹೋಗುವುದು

2021ರ ಜೂನ್ 17ರಂದು ಕೇಬಲ್ ನಿಯಮಗಳಿಗೆ ತಿದ್ದುಪಡಿ ಬಂದು ಮೂರು ಮೆಟ್ಟಿಲಿನ ವ್ಯವಸ್ಥೆ ಆಯಿತು.

ಮೊದಲ ಮೆಟ್ಟಿಲು ವಾಹಿನಿಯೇ. ಅದರ ಜಾಲತಾಣದಲ್ಲಿ ಕುಂದುಕೊರತೆ ಅಧಿಕಾರಿಯ ವಿಳಾಸ ಇರಬೇಕು; ಸಾಮಾನ್ಯವಾಗಿ ಪುಟದ ತೀರಾ ಕೆಳಗೆ ಸಣ್ಣಕ್ಷರದಲ್ಲಿರುತ್ತದೆ. ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಪ್ರಸಾರವಾದ ಏಳು ದಿನದೊಳಗೆ ಕಳಿಸಿಬಿಡಿ, ತಡವಾದರೆ ಆ ಕಾರಣಕ್ಕೇ ದೂರು ಬಿದ್ದುಹೋಗಬಹುದು. ವಾಹಿನಿ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಕ್ಯಾಲೆಂಡರಿನಲ್ಲಿ ಹದಿನೈದನೇ ದಿನಕ್ಕೆ ಗುರುತು ಹಾಕಿ.

ಉತ್ತರ ಬಾರದಿದ್ದರೆ, ಬಂದದ್ದು ಸಮಾಧಾನ ಕೊಡದಿದ್ದರೆ, ಮತ್ತೆ 15 ದಿನದೊಳಗೆ ಎರಡನೇ ಮೆಟ್ಟಿಲು ಹತ್ತಬೇಕು. ಅದು ವಾಹಿನಿಗಳು ಸೇರಿ ಮಾಡಿಕೊಂಡ ಸ್ವಯಂ ನಿಯಂತ್ರಣ ಸಂಸ್ಥೆ. ಮನರಂಜನಾ ವಾಹಿನಿಗಳಿಗೆ ಬಿಸಿಸಿಸಿ ಎಂಬ ಮಂಡಳಿ. ಸುದ್ದಿ ವಾಹಿನಿಗಳದು ಒಂದಕ್ಕಿಂತ ಹೆಚ್ಚು ಸಂಘಗಳಿವೆ, ಅವುಗಳಲ್ಲಿ ಹಳೆಯದರ ಪ್ರಾಧಿಕಾರ ಎನ್‌ಬಿಡಿಎಸ್‌ಎ. ನಿಮ್ಮ ವಾಹಿನಿ ಯಾವುದರ ಸದಸ್ಯ ಎಂದು ಮೊದಲ ಪತ್ರದಲ್ಲೇ ಕೇಳಿಬಿಡಿ, ಆಮೇಲೆ ಹುಡುಕುವುದು ತಪ್ಪುತ್ತದೆ. ಈ ಸಂಸ್ಥೆಗಳು ಎಚ್ಚರಿಕೆ ಕೊಡಬಹುದು, ಕ್ಷಮೆ ಕೇಳಿಸಬಹುದು. ಆದರೆ ಇವುಗಳ ಹಲ್ಲು ಅಷ್ಟೇನೂ ಗಟ್ಟಿಯಿಲ್ಲ. ಎನ್‌ಬಿಡಿಎಸ್‌ಎ ಹಾಕಬಹುದಾದ ಗರಿಷ್ಠ ದಂಡ ಒಂದು ಲಕ್ಷ ರೂಪಾಯಿ ಎಂದಾಗ, ಇಷ್ಟರಿಂದ ಏನೂ ಪರಿಣಾಮವಾಗದು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಅಸಮಾಧಾನ ತೋರಿಸಿತ್ತು.

ಮೂರನೇ ಮೆಟ್ಟಿಲು ದೆಹಲಿಯಲ್ಲಿ ಕೇಂದ್ರ ಸರ್ಕಾರದ ಅಂತರ ಇಲಾಖಾ ಸಮಿತಿ. ಸರ್ಕಾರ ಸುದ್ದಿಮನೆಯ ಯಜಮಾನ ಆಗಬಾರದು ಎಂಬ ನಂಬಿಕೆಯವನು ನಾನು. ಹಾಗಾಗಿ ಮೊದಲ ಎರಡರಲ್ಲೇ ಮುಗಿಸಲು ನೋಡುತ್ತೇನೆ, ಬೇರೆಯವರಿಗೂ ಅದನ್ನೇ ಹೇಳುತ್ತೇನೆ. ಒಂದು ಸಮುದಾಯದ ಮೇಲೆ ಜನರನ್ನು ಎತ್ತಿಕಟ್ಟುವಂಥ ಪ್ರಸಾರವಾದರೆ ಮಾತು ಬೇರೆ.

ಜಾಹೀರಾತಾದರೆ

ಗಂಟೆಗೆ 12 ನಿಮಿಷ ಮೀರಿ ಜಾಹೀರಾತು ಹಾಕುವಂತಿಲ್ಲ. ಅದರಲ್ಲಿ 10 ನಿಮಿಷ ವ್ಯಾಪಾರದ್ದು, 2 ನಿಮಿಷ ವಾಹಿನಿಯ ಸ್ವಂತ ಪ್ರಚಾರಕ್ಕೆ. ಜಾಹೀರಾತು ಕಾರ್ಯಕ್ರಮದಿಂದ ಬೇರೆಯೆಂದು ಸ್ಪಷ್ಟವಾಗಿ ಕಾಣಬೇಕು, ವಸ್ತುವಿಗೆ ಪವಾಡದ ಶಕ್ತಿಯಿದೆ ಎನ್ನಿಸುವಂತೆ ತೋರಿಸಬಾರದು. ಸಕ್ಕರೆ ಕಾಯಿಲೆಯನ್ನು ಬುಡದಿಂದ ಕಿತ್ತುಹಾಕುವ ಪುಡಿ, ಮಂಡಿನೋವಿಗೆ ಮಂತ್ರಿಸಿದ ಎಣ್ಣೆ ಎಂದೆಲ್ಲ ಬಂದರೆ ಮುಂಬೈಯ ಜಾಹೀರಾತು ಮಾನದಂಡ ಮಂಡಳಿಗೆ ಬರೆಯಬಹುದು, ದುಡ್ಡು ಕಟ್ಟಬೇಕಿಲ್ಲ. ನಂಬಿ ಹಣ ಕಳೆದುಕೊಂಡಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಏಳನೆಯದು: ಜಿಲ್ಲಾಧಿಕಾರಿ ಕಚೇರಿಯಲ್ಲೊಂದು ಬಾಗಿಲಿದೆ

ಇದು ಬಹಳ ಜನರಿಗೆ ಗೊತ್ತಿಲ್ಲ. ಖಾಸಗಿ ವಾಹಿನಿಗಳ ಮೇಲೆ ಕಣ್ಣಿಡಲು ಜಿಲ್ಲಾ ಮಟ್ಟದ ನಿಗಾ ಸಮಿತಿ ಇರಬೇಕೆಂದು ಕೇಂದ್ರ ಸಚಿವಾಲಯ ಬಹಳ ಹಿಂದೆಯೇ ಆದೇಶ ಮಾಡಿದೆ. ಜಿಲ್ಲಾಧಿಕಾರಿ ಅಧ್ಯಕ್ಷರು. ಪೊಲೀಸ್ ವರಿಷ್ಠಾಧಿಕಾರಿ, ವಾರ್ತಾ ಇಲಾಖೆಯ ಅಧಿಕಾರಿ, ಜಿಲ್ಲೆಯ ಒಂದು ಮಹಿಳಾ ಕಾಲೇಜಿನ ಪ್ರಾಂಶುಪಾಲರು, ಮಕ್ಕಳಿಗಾಗಿ ಮತ್ತು ಮಹಿಳೆಯರಿಗಾಗಿ ದುಡಿಯುವ ಸಂಸ್ಥೆಗಳ ಪ್ರತಿನಿಧಿಗಳು, ಜೊತೆಗೆ ವಿದ್ವಾಂಸರು ಸದಸ್ಯರು. ಸ್ಥಳೀಯ ಕೇಬಲ್ ಚಾನೆಲ್‌ಗಳ ಸುದ್ದಿ ಸಮತೋಲನದಿಂದ ಇದೆಯೇ, ಯಾವುದೇ ಸಮುದಾಯವನ್ನು ಕೆರಳಿಸುವಂತಿದೆಯೇ, ಕಡ್ಡಾಯವಾಗಿ ಕೊಡಬೇಕಾದ ದೂರದರ್ಶನದ ವಾಹಿನಿಗಳು ಕೇಬಲ್‌ನಲ್ಲಿ ಬರುತ್ತಿವೆಯೇ ಎಂದು ನೋಡುವುದು ಇದರ ಕೆಲಸ. ಶಿವಮೊಗ್ಗದಂಥ ಊರಿನಲ್ಲಿ, ಹಬ್ಬದ ಮೆರವಣಿಗೆಯ ದಿನ ಒಂದು ತಪ್ಪು ಸಾಲು ಏನು ಮಾಡಬಲ್ಲದು ಎಂದು ಕಂಡವರಿಗೆ ಈ ಸಮಿತಿಯ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಅನುಕೂಲವಿದೆ. ಕೇಬಲ್ ಕಾಯ್ದೆಯಡಿ ಉಪವಿಭಾಗದ ದಂಡಾಧಿಕಾರಿಯೂ ಅಧಿಕೃತ ಅಧಿಕಾರಿಯೇ. ಸಾಗರ, ಸೊರಬ, ಹೊಸನಗರ, ಶಿಕಾರಿಪುರದವರು ಸಾಗರದ ಉಪವಿಭಾಗಾಧಿಕಾರಿ ಕಚೇರಿಗೇ ಅರ್ಜಿ ಕೊಡಬಹುದು, ಬಸ್ಸು ಹತ್ತಿ ಶಿವಮೊಗ್ಗದ ತನಕ ಹೋಗಬೇಕಿಲ್ಲ. ಅರ್ಜಿಯ ಎರಡನೇ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳದೆ ಅಲ್ಲಿಂದ ಹೊರಡಬೇಡಿ.

ಸಮಿತಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಜಿಲ್ಲಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು. ಪ್ರಶ್ನೆ ಹೀಗಿರಲಿ: "ಖಾಸಗಿ ಟಿವಿ ವಾಹಿನಿಗಳ ಜಿಲ್ಲಾ ನಿಗಾ ಸಮಿತಿಯ ಈಗಿನ ಸದಸ್ಯರ ಪಟ್ಟಿ, ಕಳೆದ ಮೂರು ವರ್ಷಗಳ ಸಭೆಗಳ ದಿನಾಂಕ ಮತ್ತು ನಡಾವಳಿಯ ಪ್ರತಿ ಕೊಡಿ." ಉತ್ತರಕ್ಕೆ 30 ದಿನದ ಗಡುವು ಇದೆ. ಸಭೆಯೇ ನಡೆದಿಲ್ಲ ಎಂಬ ಉತ್ತರ ಬಂದರೆ ಆ ಕಾಗದವನ್ನೇ ಹಿಡಿದು ಜಿಲ್ಲಾಧಿಕಾರಿಯನ್ನು ಭೇಟಿ ಮಾಡಿ, ಸಮಿತಿ ಕರೆಯಿರಿ ಎಂದು ಕೇಳಿ. ಸ್ತ್ರೀಶಕ್ತಿ ಸಂಘದ ನಾಲ್ಕು ಹೆಣ್ಣುಮಕ್ಕಳನ್ನೂ ಒಬ್ಬರು ನಿವೃತ್ತ ಶಿಕ್ಷಕರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಒಂದು ಕಡತ ಮಾಡಿ ಎಲ್ಲ ಕಾಗದ, ರಸೀದಿಗಳನ್ನು ದಿನಾಂಕದ ಪ್ರಕಾರ ಅದರಲ್ಲಿ ಸೇರಿಸಿಡಿ. ಮಳೆಗಾಲದಲ್ಲಿ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಅಟ್ಟದ ಮೇಲಿಡಿ. ನನ್ನ ಕಡತದ ಮೊದಲ ಪುಟದಲ್ಲಿ ಆ ದಿನದ ಪತ್ರಿಕೆಯಿಂದ ಕತ್ತರಿಸಿದ ಲಿಂಗನಮಕ್ಕಿಯ ನೀರಿನ ಮಟ್ಟದ ಚೂರು ಇದೆ. ಗಂಟೆ ಬರೆದಿಟ್ಟುಕೊಳ್ಳದ ದೂರು ಅದು. ಈ ಸಲ ಮಳೆ ಹಿಡಿದಾಗ ತಂಗಿಯ ಮನೆಗೆ ಹೋಗಿದ್ದೆ, ಅವರ ಟಿವಿಯ ಪಕ್ಕದಲ್ಲೂ ಒಂದು ಗಡಿಯಾರ ಹಾಕಿ ಬಂದೆ.